ಡ್ರಾಯಿಂಗ್ ಮಾಸ್ತರರ ಜೀಪಿನ ರೇಡಿಯೋ

ಕೃಷ್ಣೆಯ ದಂಡೆಗೆ ಒಂದು ಆಶ್ರಮ. ಆಶ್ರಮ ಅಂದಕೂಡಲೇ ಜಿಂಕೆ, ಬಳ್ಳಿ, ಹೋಮದ ಹೊಗೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನಾಲ್ಕು ಕೋಣೆ, ಒಂದು ಬೇವಿನ ಮರ, ಮರಕ್ಕಿಂತ ಎತ್ತರದ ಒಂದು ಕಬ್ಬಿಣದ ಕಂಬ. ಕಂಬದ ತುದಿಗೆ ಆಂಟೆನಾ.

ಅಲ್ಲಿದ್ದವರು ನಿರ್ವಾಣಜ್ಜಾರು. ಕಾವಿ ಉಡುವ ಮೊದಲು ಹಡಗಿನಲ್ಲಿ ವಾಯರ್‌ಲೆಸ್ ನೋಡಿಕೊಳ್ಳುತ್ತಿದ್ದರಂತೆ. ಸಮುದ್ರ ಬಿಟ್ಟರು, ಸಂಬಳ ಬಿಟ್ಟರು, ರೇಡಿಯೋ ಮಾತ್ರ ಬಿಡಲಿಲ್ಲ. ಧ್ಯಾನ ಕಲಿಯಲು ಬಂದವರಿಗೂ ಮೊದಲು ಹೆಡ್‌ಫೋನ್ ಕೊಟ್ಟು ಕೂಡಿಸುತ್ತಿದ್ದರು. ಬರೀ ಸುಂಯ್ ಎನ್ನುವ ಸದ್ದು ಕೇಳಿ ಕೇಳಿ ಬಹಳ ಜನ ಎದ್ದುಹೋದರು. ಹೋಗಲಿ ಬಿಡಿ.

ಕೊನೆಯವರೆಗೆ ಕೂತವರು ಇಬ್ಬರೇ. ಅಣ್ಣ ವಿರುಪಣ್ಣ, ಊರ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ತಂಗಿ ಶಿವಲೀಲಾ, ಹೊಳೆಯ ನಡುವಿನ ಮಳಲಗಡ್ಡಿಗೆ ಮದುವೆಯಾಗಿ ಹೋಗಿ, ಅಲ್ಲಿಯ ಅಂಗನವಾಡಿ ನೋಡಿಕೊಳ್ಳುತ್ತಿದ್ದವಳು. ಇಬ್ಬರೂ ಪರೀಕ್ಷೆ ಬರೆದು ಸರ್ಕಾರದ ಲೈಸೆನ್ಸ್ ತೆಗೆದುಕೊಂಡಿದ್ದರು.

ಮಳಲಗಡ್ಡಿಗೆ ಮೊಬೈಲ್ ಸಿಗ್ನಲ್ ಇಲ್ಲ. ಹೊಳೆ ತುಂಬಿದರೆ ದಾರಿಯೂ ಇಲ್ಲ. ದಿನಾ ಮುಂಜಾನೆ ಅಜ್ಜಾರು ರೇಡಿಯೋದಲ್ಲಿ ಕರೆಯುತ್ತಿದ್ದರು: "ಮಳಲಗಡ್ಡಿ?"

ಲೀಲಾ ತನ್ನ ಕೈಸೆಟ್ಟಿನಿಂದ ಹೇಳುತ್ತಿದ್ದಳು: "ಇದ್ದೀನ್ರಿ."

ಅಷ್ಟೇ ಮಾತು. ಆದರೆ ಆ ಒಂದು ಮಾತು ಬಾರದ ದಿನ ಅಜ್ಜಾರು ಊಟಕ್ಕೆ ಏಳುತ್ತಿರಲಿಲ್ಲ.

ಆ ವರ್ಷ ಲೀಲಾ ಬಸುರಿ. ಚೊಚ್ಚಲು. ಗಂಡ ದುಡಿಯಲು ಹೈದರಾಬಾದಿಗೆ ಹೋಗಿದ್ದ. ವಿರುಪಣ್ಣನಿಗೆ ಒಳಗೊಳಗೇ ಭಯ. ಅವರ ಅವ್ವ ಲೀಲಾಳನ್ನು ಹೆತ್ತು, ಆಸ್ಪತ್ರೆ ಮುಟ್ಟುವ ಮೊದಲೇ ಚಕ್ಕಡಿಯಲ್ಲಿ ತೀರಿಕೊಂಡಿದ್ದಳು. ಆ ಚಕ್ಕಡಿಯ ಹಿಂದೆ ಅಳುತ್ತಾ ನಡೆದ ಹುಡುಗ ಈ ವಿರುಪಣ್ಣನೇ. ತಂಗಿಗೆ ಹಾಗಾಗಗೊಡುವುದಿಲ್ಲ ಎಂದು ಅವನು ಹಟ ತೊಟ್ಟಿದ್ದ.

ಅವನ ಹತ್ತಿರ ಒಂದು ಹಳೇ ಜೀಪು ಇತ್ತು. ಅಜ್ಜಾರ ಮುಂದೆ ಕೈಕಟ್ಟಿ ನಿಂತ.

"ಅಜ್ಜಾರ, ಜೀಪಿನ್ಯಾಗ ಒಂದು ಸೆಟ್ಟು ಕೂಡಸ್ಬೇಕು ಅಂತ ಮಾಡೀನ್ರಿ."

"ಯಾಕಪ?"

"ಲೀಲಾ ಕರೆದ್ರ ನಾ ಎಲ್ಲೇ ಇದ್ರೂ ನನಗ ಕೇಳ್ಬೇಕು. ಕರೆದ ಕೂಡ್ಲೆ ದಂಡಿಗೆ ಜೀಪು ತಂದು ನಿಲ್ಲಸ್ಬೇಕು."

"ಕೇಳಾಕ ಕೂಡಸ್ತಿ?"

"ಹೌದ್ರಿ. ಕೇಳಾಕ."

"ಹಂಗಾರ ಕೂಡಸು."

ವಿರುಪಣ್ಣ ಕೂಡಿಸಿದ. ಡ್ರಾಯಿಂಗ್ ಮಾಸ್ತರನಲ್ಲವೇ, ಕಣ್ಣು ನೇರಗೆರೆಯ ಕಣ್ಣು. ಒಂದು ವಾಯರು ಸೊಟ್ಟಗಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬ್ಯಾಟರಿಯಿಂದ ಬೇರೆ ವಾಯರು ಎಳೆದರೆ ಇಂಜಿನ್ನಿನ ಬದಿಯಲ್ಲಿ ಅಸಹ್ಯವಾಗಿ ಕಾಣುತ್ತದೆಂದು, ಹಾರ್ನಿನ ವಾಯರಿಗೇ ಸೆಟ್ಟಿನ ವಾಯರು ಜೋಡಿಸಿ, ಮೇಲೆ ಕಪ್ಪು ಟೇಪು ಸುತ್ತಿ, ಗಂಟು ಎಲ್ಲಿದೆ ಎಂದು ತನಗೇ ತಿಳಿಯದಂತೆ ಮಾಡಿದ.

ಅಜ್ಜಾರು ಬಂದು ಪಕ್ಕದ ಸೀಟಿನಲ್ಲಿ ಕೂತರು. ಸೆಟ್ಟಿಗೆ ಸದ್ಯಕ್ಕೆ ಆಶ್ರಮದ ಕಂಬದ ವಾಯರು ಹಚ್ಚಿದ್ದರು; ಮಳಲಗಡ್ಡಿಯಿಂದ ಲೀಲಾ ಏನೋ ಹೇಳುತ್ತಿದ್ದಳು.

"ಹಾರ್ನ್ ಹೊಡಿ," ಅಂದರು ಅಜ್ಜಾರು.

ಹೊಡೆದ. ಲೀಲಾಳ ಮಾತು ಕಡಿಯಿತು. ಸೆಟ್ಟು ಆರಿ ಮತ್ತೆ ಹತ್ತಿತು.

"ಇನ್ನೊಮ್ಮೆ."

ಮತ್ತೆ ಕಡಿಯಿತು.

"ದಾರ್‍ಯಾಗ ಎಮ್ಮಿ ಬಂದ್ರ ಏನ್ ಮಾಡ್ತಿ?" ಕೇಳಿದರು ಅಜ್ಜಾರು. "ಎಮ್ಮಿಗೆ ಹಾದಿ ಬಿಡಂತಿಯೋ, ತಂಗಿ ಮಾತು ಕೇಳ್ತಿಯೋ?"

ವಿರುಪಣ್ಣ ಟೇಪು ಬಿಚ್ಚಿದ. ಆ ಮಧ್ಯಾಹ್ನವೆಲ್ಲ ಜೀಪಿನ ಕೆಳಗೆ ಮಲಗಿ, ಬ್ಯಾಟರಿಯಿಂದ ನೇರವಾಗಿ ದಪ್ಪ ವಾಯರು ಎಳೆದ. ಬ್ಯಾಟರಿಯ ಬುಡದಲ್ಲೇ ಫ್ಯೂಸು ಹಾಕಿದ. ಅಂಗಿಯೆಲ್ಲ ಎಣ್ಣೆ.

ಆಮೇಲೆ ಆಂಟೆನಾದ ಸರದಿ.

ಆ ಜೀಪಿಗೆ ವಿರುಪಣ್ಣ ಕೈಯಾರೆ ಬಣ್ಣ ಹೊಡೆದಿದ್ದ. ಮೋಡವಿಲ್ಲದ ದಿನದ ಆಕಾಶದ ಬಣ್ಣ. ಅದರ ನೆತ್ತಿಗೆ ತೂತು ಕೊರೆಯುವುದೆಂದರೆ ಅವನಿಗೆ ಎದೆ ಧಸಕ್ಕೆನ್ನುತ್ತಿತ್ತು. ಅದಕ್ಕೇ ಹಿಂದಿನ ಬಾಗಿಲ ಮೂಲೆಗೆ, ಯಾರಿಗೂ ಕಾಣದ ಹಾಗೆ ಒಂದು ಪಟ್ಟಿ ಬಿಗಿದು ಆಂಟೆನಾ ನಿಲ್ಲಿಸಿದ.

ಅಜ್ಜಾರು ಆ ಪಟ್ಟಿ ನೋಡಿದರು. "ನಾ ಒಳಗ ಸೆಟ್ಟಿನ ಮುಂದ ಕೂಡ್ತೀನಿ. ನೀ ಆ ದಿಬ್ಬದ ಸುತ್ತ ಒಂದು ಸುತ್ತು ಹಾಕ್ಕೊಂಡು ಬಾ. ನಾ ಮಾತಾಡ್ತಿರ್‍ತೀನಿ, ಕೇಳ್ಕೋತ ಬಾ," ಅಂದರು.

ಸುತ್ತು ಮುಗಿಸಿ ಬಂದ ವಿರುಪಣ್ಣನ ಮುಖ ಸಣ್ಣಗಾಗಿತ್ತು.

"ಏನಾತು?"

"ಹೊಳಿಗೆ ಮುಖ ಮಾಡಿದಾಗ ನಿಮ್ಮ ಮಾತು ಕೇಳಂಗಿಲ್ರಿ. ಬೆನ್ನು ಮಾಡಿದ್ರ ಕೇಳ್ತದ."

"ಚಲೋ ಆತಲ್ಲ," ಅಂದರು ಅಜ್ಜಾರು. "ಲೀಲಾ ಕರೆದ ದಿನ ಹೊಳಿಗೆ ಬೆನ್ನು ಹಾಕಿ ಓಡು. ಚಲೋ ಕೇಳ್ತದ."

ಒಳಗೆ ಹೋಗಿ ಡ್ರಿಲ್ ಮಷೀನು ತಂದು ಅವನ ಕೈಗಿಟ್ಟರು.

ವಿರುಪಣ್ಣ ಜೀಪಿನ ಮೇಲೆ ಹತ್ತಿದ. ನೆತ್ತಿಯ ನಟ್ಟನಡುವೆ ಪೆನ್ಸಿಲಿನಿಂದ ಗುರುತು ಹಾಕಿದ. ಹಲ್ಲು ಕಚ್ಚಿ ಕೊರೆದ. ತೂತಿನ ಸುತ್ತ ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಕಾಣುವ ಹಾಗೆ ಮಾಡಿ, ರಬ್ಬರ್ ವಾಶರು ಇಟ್ಟು ಆಂಟೆನಾ ಬಿಗಿದ. ಇಳಿದು ಬಂದಾಗ ಕಣ್ಣು ಕೆಂಪಗಿದ್ದವು. ಆದರೂ ಮತ್ತೊಂದು ಸುತ್ತು ಹಾಕಿ ಬಂದ. ಈಗ ಎಲ್ಲ ದಿಕ್ಕಿಗೂ ಕೇಳಿತು.

ಇಲ್ಲಿಗೆ ಮುಗಿಸಿದ್ದರೆ ಇದು ಕಥೆಯೇ ಆಗುತ್ತಿರಲಿಲ್ಲ.

ಕೆಲಸ ಸರಿಹೋದ ಮೇಲೆ ವಿರುಪಣ್ಣನಿಗೆ ಚಂದದ ಹುಚ್ಚು ಹತ್ತಿತು. ಸೆಟ್ಟನ್ನು ಸೀಟಿನ ಕೆಳಗೆ ಇಳಿಸಿದ. ಮುಂದೆ ಒಂದು ಸ್ಪೀಕರು ಬಿಟ್ಟರೆ ಬೇರೇನೂ ಕಾಣದು. ಎರಡು ಸೀಟಿನ ನಡುವೆ ಸಾಗವಾನಿಯ ಒಂದು ಪೆಟ್ಟಿಗೆ ಮಾಡಿದ. ಒಳಗೆ ಕೆಂಪು ಮಖಮಲ್ಲು. ಮೈಕು ಅದರೊಳಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತಿತ್ತು. ಮೇಲೆ ಮುಚ್ಚಳ. ಮುಚ್ಚಳದ ಮೇಲೆ ತಾನೇ ಕೆತ್ತಿದ ಒಂದು ನವಿಲು.

ಈ ರೇಡಿಯೋ ಹೇಗೆ ಕೆಲಸ ಮಾಡುತ್ತದೆಂದು ಒಂದು ಮಾತು ಹೇಳಿಬಿಡುತ್ತೇನೆ. ಮೈಕಿನ ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ. ಗುಂಡಿ ಒತ್ತಿದಷ್ಟು ಹೊತ್ತು ಸೆಟ್ಟಿನ ಮೇಲೆ ಒಂದು ಕೆಂಪು ದೀಪ ಉರಿಯುತ್ತದೆ. ಒಬ್ಬ ಒತ್ತಿ ಹಿಡಿದರೆ ಉಳಿದವರೆಲ್ಲ ಸುಮ್ಮನಿರಬೇಕು.

ಅಜ್ಜಾರು ಜೀಪಿನೊಳಗೆ ಬಗ್ಗಿ ನೋಡಿದರು.

"ಸೆಟ್ಟು ಎಲ್ಲೈತೋ?"

"ಅದ ರೀ ಅಜ್ಜಾರ, ಕಾಣಂಗ ಇಲ್ಲ," ಅಂದ ವಿರುಪಣ್ಣ, ಹಿಗ್ಗಿ ಹೀರೇಕಾಯಾಗಿ.

"ಆ ಕೆಂಪು ದೀಪ ಕಣ್ಮುಂದ ಇರಬೇಕಪ, ಇಲ್ಲಾಂದ್ರ..."

"ಅದೂ ಸೀಟಿನ ಕೆಳಗ ಹೋತ್ರಿ. ಕಣ್ಣಿಗೆ ಚುಚ್ಚೋ ಕಾಟನ ಇಲ್ಲ."

"ಮತ್ತ ಈ ಮುಚ್ಚಳ ಗುಂಡಿ ಮ್ಯಾಲ..."

"ಸಾಗವಾನಿ ರೀ. ನಮ್ಮಪ್ಪನ ಮಂಚದ ಕಟ್ಟಿಗಿ. ನವಿಲು ನೋಡ್ರಿ, ಗರಿ ಒಂದೊಂದೂ ಬ್ಯಾರೆ ಬ್ಯಾರೆ ಕೆತ್ತೀನಿ. ಮೂರು ಸಲ ಪಾಲಿಶ್ ಹೊಡೆದೀನ್ರಿ."

ಅಜ್ಜಾರು ಜೀಪಿನಿಂದ ತಲೆ ಹೊರಗೆ ತೆಗೆದರು.

"ನವಿಲು ಚಂದ ಐತಿ," ಅಂದು ಹೋಗಿ ಬೇವಿನ ನೆರಳಿಗೆ ಕೂತರು.

ಸಂಜೆ ಲೀಲಾಳೂ ರೇಡಿಯೋದಲ್ಲಿ ಬಂದಳು. ಅಜ್ಜಾರಿಂದ ಸುದ್ದಿ ಕೇಳಿದ್ದಳೋ ಏನೋ.

"ಅಣ್ಣ, ಮೈಕು ಪೆಟ್ಟಿಗಿಯೊಳಗ ಮುಚ್ಚಿಡ್ತಿಯಂತ. ಅದು ಒತ್ತಿಗೊಂಡ್ರ..."

ವಿರುಪಣ್ಣ ತಡೆಯಲಾರದೆ ಗುಂಡಿ ಒತ್ತಿದ. ಮಖಮಲ್ಲಿನ ಬಣ್ಣ, ನವಿಲಿನ ಕೊರಳು, ಮುಚ್ಚಳದ ಬಿಜಾಗರಿ ಎಲ್ಲ ವಿವರಿಸಿದ. ಎಲ್ಲ ಮುಗಿದ ಮೇಲೆ ಗುಂಡಿ ಬಿಟ್ಟ.

"ಆತು ಬಿಡಣ್ಣ," ಅಂದಳು ಲೀಲಾ. "ಸೊಂಟ ನೋಯಾಕತ್ತೈತಿ, ಅಡ್ಡಾಗ್ತೀನಿ."

ದಿನ ತುಂಬಲು ಇನ್ನೂ ತಿಂಗಳಿತ್ತು. ಮುಂದಿನ ವಾರ ಅವಳನ್ನು ದಂಡೆಗೆ ಕರೆತರುವುದೆಂದು ಮಾತಾಗಿತ್ತು. "ಹುಡುಗರಿಗೆ ಸೂಜಿ ಹಾಕಾಕ ಸಿಸ್ಟರು ಬರಾವ್ರದಾರ, ಅದೊಂದು ಮುಗಿಸಿ ಬರ್‍ತೀನಿ," ಎಂದು ಅವಳೇ ಹಟ ಹಿಡಿದಿದ್ದಳು. ಹಟದಲ್ಲಿ ಅಣ್ಣನಿಗೆ ಕಡಿಮೆಯಿಲ್ಲದವಳು.

ಹೊಳೆ ಯಾರ ಹಟವನ್ನೂ ಕೇಳುವುದಿಲ್ಲ. ಮೇಲುನಾಡಿನಲ್ಲಿ ಮಳೆ ಬಿದ್ದು, ಆಣೆಕಟ್ಟಿನ ಗೇಟು ಎತ್ತಿ, ರಾತ್ರಿ ಕಳೆಯುವಷ್ಟರಲ್ಲಿ ನೀರು ಏರಿತು. ಗಾಳಿಗೆ ಕರೆಂಟು ಹೋಗಿ ದಂಡೆಯ ಮೊಬೈಲ್ ಟವರೂ ಸತ್ತಿತು. ಹೊಳೆಯ ಆಚೆಗೂ ಈಚೆಗೂ ಈಗ ಉಳಿದದ್ದು ಅಜ್ಜಾರ ಸೆಟ್ಟು, ಲೀಲಾಳ ಸೆಟ್ಟು, ವಿರುಪಣ್ಣನ ಸೆಟ್ಟು ಮಾತ್ರ.

ಮುಂಜಾನೆ ಅಜ್ಜಾರು ಕರೆದರು. ಲೀಲಾ "ಇದ್ದೀನ್ರಿ" ಅಂದಳು. ದನಿ ಯಾಕೋ ಬಿಗಿಯಾಗಿತ್ತು.

"ಇವತ್ತು ತಾಸಿಗೊಮ್ಮೆ ಕರಿತೀನವ್ವ," ಅಂದರು ಅಜ್ಜಾರು. ವಿರುಪಣ್ಣನ ಕಡೆ ತಿರುಗಿದರು. "ನೀ ಜೀಪು ತಗೊಂಡು ದಂಡಿ ಮ್ಯಾಲ ಇರು. ಏನೂ ಹೇಳೂದು ಬ್ಯಾಡ. ಕೇಳ್ಕೋತ ಇರು."

"ಪ್ರಾಣ ಹೋದ್ರೂ ಜೀಪು ಬಿಟ್ಟು ಇಳಿಯಂಗಿಲ್ರಿ," ಅಂದ ವಿರುಪಣ್ಣ.

ಮಾತಿಗೆ ತಪ್ಪಲಿಲ್ಲ. ಇಳಿಯಲಿಲ್ಲ. ಜೊತೆಗಿರಲಿ ಎಂದು ಅವನ ಶಾಲೆಯ ಪಿ.ಟಿ. ಮಾಸ್ತರ ಇಮಾಮಸಾಬರು ಹತ್ತಿ ಕೂತರು. ಭಾರೀ ಆಳು. ಕೂತವರು ಬಲಮೊಳಕೈಯನ್ನು ನವಿಲಿನ ಮೇಲೆ ಊರಿದರು.

"ಮಾಸ್ತರ, ಈ ಮುಚ್ಚಳ ಕೈ ಇಟ್ರ ಒಳಗ ಟಕ್ ಅಂತೈತಲ್ಲ, ಏನಾರ..."

"ಗಟ್ಟಿ ಐತ್ರಿ ಅದು, ನೀವು ಆರಾಮ ಕೂಡ್ರಿ. ಸಾಗವಾನಿ ರೀ ಮಾಸ್ತರ. ಆನಿ ನಿಂತ್ರೂ ತಡೀತದ."

ಇಮಾಮಸಾಬರು ಆರಾಮ ಕೂತರು. ವಿರುಪಣ್ಣ ಜೀಪು ನಡೆಸುತ್ತಾ ನಡೆಸುತ್ತಾ ತೂತು ಕೊರೆದದ್ದು, ಬ್ಯಾಟರಿಯಿಂದ ವಾಯರು ಎಳೆದದ್ದು, ಒಂದೇ ಒಂದು ವಾಯರೂ ಕಣ್ಣಿಗೆ ಬೀಳದ ಹಾಗೆ ಮಾಡಿದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಸ್ಪೀಕರಿನಿಂದ ಒಂದು ಸದ್ದೂ ಇಲ್ಲ.

"ಏನೂ ಮಾತಿಲ್ಲ ಅಂದ್ರ ಎಲ್ಲಾ ಆರಾಮ ಐತಿ ಅಂತ ಅರ್ಥ," ಅಂದ ವಿರುಪಣ್ಣ.

ಈಗ ಆಶ್ರಮದ ಕಡೆ ಬನ್ನಿ.

ತಾಸು ತುಂಬಿತು. ಹೊಳೆಗಿಳಿಯುವ ಮೆಟ್ಟಿಲಿಗೆ ಹೋಗಿ ನೀರು ನೋಡಿ ಬಂದ ಅಜ್ಜಾರು ಮಳಲಗಡ್ಡಿಯನ್ನು ಕರೆಯಬೇಕೆಂದು ಮೈಕು ಎತ್ತಿದರು. ಸೆಟ್ಟಿನ ತುಂಬ ವಿರುಪಣ್ಣನ ದನಿ. ಮೊದಲು ತಮ್ಮ ಹತ್ತಿರವೇ ಮಾತಾಡುತ್ತಿದ್ದಾನೆ ಎಂದುಕೊಂಡರು. ಆಮೇಲೆ ಇಮಾಮಸಾಬರ ನಗು ಕೇಳಿತು. ಜೀಪಿನ ಗಡಗಡ ಕೇಳಿತು. ಅಜ್ಜಾರಿಗೆ ತಿಳಿಯಿತು.

ಗುಂಡಿ ಒತ್ತಿ ಕೂಗಿದರು. "ವಿರುಪಣ್ಣಾ, ಮೈಕು ಬಿಡೋ." ಕೂಗಿ ಏನು ಉಪಯೋಗ? ಹೇಳುತ್ತಿರುವ ಸೆಟ್ಟಿಗೆ ಆ ಹೊತ್ತು ಕಿವಿ ಇರುವುದಿಲ್ಲ.

ಜೀಪು ದಿಬ್ಬದ ಮರೆಗೆ ಹೋದಾಗ ವಿರುಪಣ್ಣನ ದನಿ ಒಂದು ಕ್ಷಣ ಸವೆಯಿತು. ಅದರ ಅಡಿಯಿಂದ ನೂಲಿನೆಳೆಯಷ್ಟು ತೆಳ್ಳಗೆ ಇನ್ನೊಂದು ದನಿ ಬಂತು.

"...ಅಣ್ಣ, ಒಂದು ಸಲ ಬಿಡಣ್ಣ..."

ಜೀಪು ದಿಬ್ಬ ದಾಟಿತು. ಮತ್ತೆ ಸಾಗವಾನಿ, ಮತ್ತೆ ಮಖಮಲ್ಲು, ಮತ್ತೆ ಮೂರು ಸಲದ ಪಾಲಿಶ್.

ಆಮೇಲೆ ವಿರುಪಣ್ಣನ ದನಿ ಹೇಳಿತು: "ಅಗಸಿ ಮುಂದ ನಿಲ್ಲಸ್ತೀನ್ರಿ ಮಾಸ್ತರ. ಇಲ್ಲೇ ಕುಂತು ಒಂದೊಂದು ಚಾ ಕುಡಿಯೂಣು."

ನಿರ್ವಾಣಜ್ಜಾರು ಓಡಿದ್ದನ್ನು ಆ ಊರು ಯಾವತ್ತೂ ನೋಡಿರಲಿಲ್ಲ. ಕಾವಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಬರಿಗಾಲಲ್ಲಿ, ಕೆಸರು ತುಳಿಯುತ್ತಾ ಓಡಿದರು. ದಾರಿಯಲ್ಲಿ ಕೈಮುಗಿದವರ ಕಡೆ ತಿರುಗಿ ನೋಡಲಿಲ್ಲ.

ಊರ ಹೆಬ್ಬಾಗಿಲು, ಅಗಸಿಯ ಮುಂದೆ ಜೀಪು ನಿಂತಿತ್ತು. ಇಬ್ಬರ ಕೈಯಲ್ಲೂ ಚಾದ ಗ್ಲಾಸು. ಅಜ್ಜಾರು ಜೀಪಿನ ಬಾಗಿಲು ತೆಗೆದರು. ಇಮಾಮಸಾಬರ ಮೊಳಕೈ ಹಿಡಿದು ಎತ್ತಿದರು. ನವಿಲಿನ ಮುಚ್ಚಳ ತೆಗೆದು ಮೈಕು ಹೊರಗೆಳೆದರು.

ಅದೇ ಕ್ಷಣ ಸ್ಪೀಕರು ಮಾತಾಡಿತು.

"...ಯಾರರ ಕೇಳಾಕತ್ತೀರೇನು. ಅಜ್ಜಾರ. ಅಣ್ಣ. ಯಾರರ ಕೇಳಾಕತ್ತೀರೇನು."

ಕೂಗಿ ಕೂಗಿ ಅವಳ ಗಂಟಲು ಬಿದ್ದುಹೋಗಿತ್ತು.

ವಿರುಪಣ್ಣನ ಕೈಯಿಂದ ಚಾದ ಗ್ಲಾಸು ಜಾರಿತು. ಅಜ್ಜಾರು ಮೈಕನ್ನು ಅವನ ಕೈಗಿಟ್ಟರು.

"ಲೀಲಾ, ಹೇಳವ್ವ." ಅಷ್ಟು ಹೇಳಿ ಗುಂಡಿ ಬಿಟ್ಟ.

"ಬ್ಯಾನಿ ಸುರು ಆಗ್ಯಾವಣ್ಣ. ನೀರು ಗುಡಿ ಕಟ್ಟಿಗೆ ಬಂದೈತಿ. ಅಂಬಿಗರ ದುರಗಪ್ಪ ಹರಗೋಲು ತಂದು ಆವಾಗಿಂದ ನಿಂತಾನ. ಆ ಕಡೆ ಯಾರೂ ಇಲ್ದ ನೀರಿಗೆ ಬಿಡಂಗಿಲ್ಲ ಅಂತ ನಿಮ್ಮ ಮಾತಿಗೆ ಕಾದ್ವಿ. ಅರ್ಧ ತಾಸಿನ ಮ್ಯಾಲಾತು."

"ಈಗ?"

"ಈಗ ಸೆಳವು ಭಾಳ ಆಗೈತಿ. ಆದ್ರೂ ಬಿಡ್ತೀನಂತಾನ. ನಾನೂ ಹತ್ತತೀನಿ. ಇಲ್ಲೇ ಇದ್ರ ನಾ ಉಳಿಯಂಗಿಲ್ಲಣ್ಣ. ಬ್ಯಾಟ್ರಿ ಸಾಯಾಕ ಬಂದೈತಿ. ಬೇಕಾದಾಗಷ್ಟ ಮಾತಾಡ್ತೀನಿ."

ಜೀಪು ಆಶ್ರಮದ ಮೆಟ್ಟಿಲ ಹತ್ತಿರ ಬಂದು ನಿಂತಿತು. ಹೊಳೆಯ ಮೇಲೆ ಮಳೆ ಪರದೆ ಕಟ್ಟಿತ್ತು. ಆಚೆ ದಂಡೆಯೂ ಇಲ್ಲ, ಹರಗೋಲೂ ಇಲ್ಲ. ಕೆಂಪು ನೀರು ಮಾತ್ರ.

ವಿರುಪಣ್ಣ ಅಂಗಿ ಬಿಚ್ಚತೊಡಗಿದ. "ನಾ ಈಸ ಬೀಳ್ತೀನ್ರಿ."

"ಹತ್ತು ಜೀಪು," ಅಂದರು ಅಜ್ಜಾರು.

"ನನ್ನಿಂದ ಆಗಿದ್ದು ರೀ ಇದು. ನನ್ನ ತಂಗಿ ರೀ."

"ಅದಕ್ಕ ಹೇಳಾಕತ್ತೀನಿ. ಹತ್ತು."

"ಹತ್ತಿ ಏನ್ ಮಾಡ್ಲಿ ರೀ ನಾನು?"

"ಗುಂಡಿ ಬಿಟ್ಟು ಕೂಡು."

ವಿರುಪಣ್ಣ ಹತ್ತಿ ಕೂತ. ಇಂಜಿನ್ ಚಾಲೂ. ಕೈಯಲ್ಲಿ ಮೈಕು. ಸ್ಪೀಕರಿನಲ್ಲಿ ಸುಂಯ್ ಎನ್ನುವ ಸದ್ದು.

ಅಷ್ಟು ದೊಡ್ಡ ಕೆಲಸವನ್ನು ಅವನು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಜೀಪಿನ ನೆತ್ತಿ ಕೊರೆಯುವುದು ಇದರ ಮುಂದೆ ಏನೂ ಅಲ್ಲ. ಹೆಬ್ಬೆಟ್ಟು ತಾನಾಗಿ ಗುಂಡಿಯ ಮೇಲೆ ಹೋಗುತ್ತಿತ್ತು. ಎಲ್ಲಿದ್ದೀಯವ್ವ ಎಂದು ಕೇಳಬೇಕು. ಹೆದರಬೇಡ ಎಂದು ಹೇಳಬೇಕು. ತಪ್ಪಾಯಿತು ಎನ್ನಬೇಕು. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿ ಹಿಡಿದ.

"ಒಂದ್ಸಲ ಕೇಳಿಬಿಡ್ರಿ ಮಾಸ್ತರ, ಎಲ್ಲಿದ್ದಾರ ಅಂತ," ಅಂದರು ಇಮಾಮಸಾಬರು. ಅವರ ಕಣ್ಣಲ್ಲಿ ನೀರಿತ್ತು. ಮೊಳಕೈಯನ್ನು ಎದೆಗೆ ಅವಚಿಕೊಂಡು ಕೂತಿದ್ದರು, ಪಾಪ.

ವಿರುಪಣ್ಣ ತಲೆಯಾಡಿಸಿದ. ಬೇಡ.

ಸುಂಯ್.

ಅಜ್ಜಾರು ಮೆಟ್ಟಿಲ ಮೇಲೆ ನಿಂತು ಹೊಳೆ ನೋಡುತ್ತಿದ್ದರು. ಒಂದು ಮರದ ಬೊಡ್ಡೆ ತೇಲಿಹೋಯಿತು. ಒಂದು ಸತ್ತ ಎಮ್ಮೆ ಹೋಯಿತು. ಹರಗೋಲು ಬರಲಿಲ್ಲ.

ಸುಂಯ್.

ವಿರುಪಣ್ಣ ಕಣ್ಣು ಮುಚ್ಚಿ ಸ್ಪೀಕರಿಗೆ ಕಿವಿ ಹಚ್ಚಿದ. ಆ ಸದ್ದಿನೊಳಗೆ ಮಳೆ ಬೇರೆ, ಗಾಳಿ ಬೇರೆ, ಸೆಟ್ಟಿನ ಸದ್ದು ಬೇರೆ ಎಂದು ಅವನಿಗೆ ತಿಳಿಯತೊಡಗಿತು. ಆಗ ಬಂತು, ಉಸಿರಿನಷ್ಟು ಸಣ್ಣಗೆ.

"ಅಣ್ಣ. ಸೆಳವಿಗೆ ಸಿಕ್ಕೈತಿ. ಮೆಟ್ಟಲಕ್ಕ ಬರಾಕ ಆಗಂಗಿಲ್ಲ. ಕೆಳಗ, ಮಡಿವಾಳರ ಕಲ್ಲಿಗೆ ಹತ್ತಸ್ತಾನಂತ. ಹಗ್ಗ ತಗೊಂ..."

ಕಡಿದುಹೋಯಿತು. ಬ್ಯಾಟರಿ ಸತ್ತಿತ್ತು.

ವಿರುಪಣ್ಣ ಕಣ್ಣು ತೆರೆದ. ಗೇರು ಹಾಕಿದ. ಅಜ್ಜಾರು ಹಿಂದಿನಿಂದ ಹತ್ತಿಕೊಂಡರು.

ಮಡಿವಾಳರು ಬಟ್ಟೆ ಒಗೆಯುವ ಕಲ್ಲುಗಳು ಹೊಳೆ ತಿರುಗುವ ಕಡೆ ಇದ್ದವು. ಜೀಪು ಅಲ್ಲಿಗೆ ಮುಟ್ಟಿದಾಗ ಮಳೆಯೊಳಗಿಂದ ಹರಗೋಲು ಗಿರಗಿರ ತಿರುಗುತ್ತಾ ಬಂತು. ಅಂಬಿಗ ದುರಗಪ್ಪ ಹುಟ್ಟು ಬಿಟ್ಟು ಎರಡೂ ಕೈ ಚಾಚಿ ನಿಂತಿದ್ದ. ಇಮಾಮಸಾಬರು ಜೀಪಿನಲ್ಲಿದ್ದ ಹಗ್ಗ ಎಸೆದರು. ಮೊದಲನೆಯ ಸಲ ನೀರಿಗೆ ಬಿತ್ತು. ಎರಡನೆಯ ಸಲ ದುರಗಪ್ಪನ ಕೈಗೆ ಬಿತ್ತು. ಹಗ್ಗದ ಈ ತುದಿ ಜೀಪಿಗೆ ಕಟ್ಟಿತ್ತು. ವಿರುಪಣ್ಣ ಜೀಪನ್ನು ನಿಧಾನಕ್ಕೆ ಹಿಂದಕ್ಕೆ ನಡೆಸಿ ಹರಗೋಲನ್ನು ದಂಡೆಗೆ ಎಳೆದ. ಇನ್ನೊಂದು ಗಳಿಗೆ ತಡವಾಗಿದ್ದರೆ ಹರಗೋಲು ಆ ಕಲ್ಲು ದಾಟಿ ಹೋಗುತ್ತಿತ್ತು.

ಲೀಲಾಳನ್ನು ಎತ್ತಿ ಹಿಂದಿನ ಸೀಟಿಗೆ ಮಲಗಿಸಿದರು. ಅವಳ ತುಟಿ ನೀಲಿಗಟ್ಟಿತ್ತು. ಅಜ್ಜಾರು ತಮ್ಮ ಕಾವಿಯ ಶಾಲು ಹೊದಿಸಿದರು.

ಆಸ್ಪತ್ರೆಯ ದಾರಿಯಲ್ಲಿ ಅವಳು ಒಂದೇ ಸಲ ಮಾತಾಡಿದಳು.

"ಅಣ್ಣ."

"ಹೇಳವ್ವ."

"ಮೂರು ಸಲ ಪಾಲಿಶ್ ಹೊಡೆದೀಯೇನು?"

ವಿರುಪಣ್ಣ ಸ್ಟೇರಿಂಗ್ ಹಿಡಿದು ಹೋ ಎಂದು ಅತ್ತ. ಅಳುತ್ತಲೇ ಜೀಪು ನಡೆಸಿದ. ಎಲ್ಲೂ ನಿಲ್ಲಿಸಲಿಲ್ಲ.

ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಸಣ್ಣದು, ಆದರೆ ದನಿ ಗಟ್ಟಿ. ತಾಯಿ ಎರಡು ದಿನ ಬಹಳ ತ್ರಾಸು ಪಟ್ಟಳು, ಮೂರನೆಯ ದಿನ ಗಂಜಿ ಕುಡಿದಳು. ವಿರುಪಣ್ಣ ಅಲ್ಲಿಯವರೆಗೆ ಆಸ್ಪತ್ರೆಯ ವರಾಂಡ ಬಿಟ್ಟು ಕದಲಲಿಲ್ಲ.

ಊರಿಗೆ ಬಂದವನೇ ಸ್ಪ್ಯಾನರು ಹಿಡಿದು ಜೀಪಿನೊಳಗೆ ಕೂತ. ಇನ್ನು ಸೆಟ್ಟು ಕಿತ್ತು ಹೊಳೆಗೆ ಎಸೆಯುತ್ತಾನೆ ಎಂದು ಜನ ಅಂದುಕೊಂಡರು. ಅವನು ಅಂಥವನಲ್ಲ. ಕಲಿತದ್ದನ್ನು ಬಿಟ್ಟು ಓಡುವ ಪೈಕಿ ಅಲ್ಲ. ಸಾಗವಾನಿಯ ಪೆಟ್ಟಿಗೆಯನ್ನು ಬುಡಸಮೇತ ಬಿಚ್ಚಿದ. ಸೀಟಿನ ಕೆಳಗಿದ್ದ ಸೆಟ್ಟನ್ನು ಕಣ್ಣೆದುರಿಗೆ, ಮೀಟರುಗಳ ಪಕ್ಕಕ್ಕೆ ತಂದು ಕೂಡಿಸಿದ. ಕೆಂಪು ದೀಪ ಹತ್ತಿದರೆ ಹಿಂದೆ ಕೂತವರಿಗೂ ಕಾಣಬೇಕು. ಮೈಕಿಗೆ ಎಲ್ಲರಿಗೂ ಕಾಣುವ ಹಾಗೆ ಒಂದು ಕೊಕ್ಕೆ. ಯಾರ ಮೊಳಕೈಯೂ ಮೊಣಕಾಲೂ ತಾಗದ ಜಾಗ. ಸುರುಳಿ ವಾಯರು ಗಾಳಿಯಲ್ಲಿ ತೂಗಾಡುತ್ತಿತ್ತು, ನೋಡಲು ಚಂದವೇನೂ ಇರಲಿಲ್ಲ.

ಅಜ್ಜಾರನ್ನು ಕರೆತಂದು ತೋರಿಸಿದ.

ಅಜ್ಜಾರು ಸೆಟ್ಟನ್ನು ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಬಗ್ಗಿ ಕೆಳಗಿನ ವಾಯರು ನೋಡಿದರು. ಎಲ್ಲವೂ ನೇರ, ಗೇಣಿಗೊಂದು ಕಟ್ಟು.

"ವಾಯರು ಚಂದ ಕಟ್ಟೀದಿ," ಅಂದರು.

ಈ ಸಲ ವಿರುಪಣ್ಣ ಹಿಗ್ಗಲಿಲ್ಲ. ತಲೆ ತಗ್ಗಿಸಿ ನಿಂತ. ಒಳಗೊಂದು ಮಾತು ಮುಳ್ಳಿನ ಹಾಗೆ ಮುರಿದು ಕೂತಿತ್ತು.

"ಒಂದು ಕೇಳ್ಲೇನ್ರಿ ಅಜ್ಜಾರ?"

"ಕೇಳಪ."

"ಆ ಪೆಟ್ಟಿಗಿ ತಪ್ಪು ಅಂತ ನಿಮಗ ಗೊತ್ತಿತ್ತು. ಲೀಲಾಗೂ ಗೊತ್ತಿತ್ತು. ಕೊನೀಗೆ ಇಮಾಮಸಾಬ ಮಾಸ್ತರಿಗೂ ಅನುಮಾನ ಬಂದಿತ್ತಂತ. ನನ್ನ ತಂಗಿ ಜೀವ ಹೋಗಾಂಗ ಆತು." ಅವನು ತಲೆ ಎತ್ತಿದ. "ಒಬ್ಬರಾದ್ರೂ ನನಗ ಮೊದ್ಲ ಹೇಳಬಾರದಾಗಿತ್ತೇನ್ರಿ?"

ಅಜ್ಜಾರು ಅವನ ಹೆಗಲ ಮೇಲೆ ಕೈಯಿಟ್ಟರು.

"ಎಲ್ಲಾರೂ ಹೇಳಿದಿವಪ. ನೀ ಮಾತಾಡಾಕತ್ತಿದ್ದಿ."